ಸರದಿ ಕಾಯದ ಮಾತು

ಸೇಬು ಮಾರುವವಳೊಬ್ಬಳು ಎಸೆದ ಸೇಬಿನ ದಿಂಡು ನನ್ನ ಎಡಗೆನ್ನೆಗೆ ಬಡಿದ ಮಧ್ಯಾಹ್ನವೇ ನನ್ನ ಕಲೆಯ ನಿಜವಾದ ವಿದ್ಯಾಭ್ಯಾಸ ಆರಂಭವಾಯಿತು. ನನ್ನ ಕಾಲದಲ್ಲಿ ಹೆಣ್ಣುವೇಷವೆಲ್ಲ ಹುಡುಗರದು. ಈಗಿನ ಲಂಡನ್ನಿನಲ್ಲಿ ಹೆಂಗಸರ ಪಾತ್ರವನ್ನು ಹೆಂಗಸರೇ ಮಾಡುತ್ತಾರೆ; ಅರಸನೇ ಮುಂದಿನ ಸಾಲಿನಲ್ಲಿ ಕುಳಿತು ನೋಡುತ್ತಾನೆ. ಕಾಫಿ ಅಂಗಡಿಯ ಎಳೆಯರು ನನ್ನ ಬಿಳಿಗಡ್ಡವನ್ನು ನೋಡಿ, "ತಾತಾ, ನೀವು ರಾಣಿ ಆಗಿದ್ರಂತಲ್ಲ!" ಎಂದು ನಗುತ್ತಾರೆ. ನಗಲಿ. ಹೌದು, ನಾನು ರಾಣಿಯಾಗಿದ್ದೆ. ನಾನು ವಿಷ ಕುಡಿದು ಸತ್ತರೆ ಕಟುಕರು ಅಳುತ್ತಿದ್ದರು. ಆದರೆ ರಾಣಿಯಾಗುವುದಕ್ಕೆ ಕತ್ತು ನೆಟ್ಟಗಿದ್ದರೆ ಸಾಕು. ಪಕ್ಕದ ಮನೆಯ ಹೆಂಗಸಾಗುವುದಿದೆಯಲ್ಲ, ಅದು ಬೇರೆಯ ವಿದ್ಯೆ. ಅದನ್ನು ಯಾವ ಗಂಡಸೂ ಕಾಲಿಡಲಾರದ ಕೋಣೆಯೊಂದರಲ್ಲಿ ನಾನು ಕಲಿತೆ.

ಆಗ ನನಗೆ ಹದಿನೈದು ವರ್ಷ. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ಕರಡಿ ಕಾಳಗದ ಕಣದಿಂದ ಕರಡಿಗಳ ಗರ್ಜನೆ ಕೇಳಿಸುವಷ್ಟು ಸಮೀಪದಲ್ಲಿ, ನಮ್ಮ 'ಕಂಚಿನ ಜಿಂಕೆ' ನಾಟಕಶಾಲೆಯಿತ್ತು. ಅದರ ಯಜಮಾನರಾದ ಹಂಫ್ರಿ ಸ್ಟೇಪ್ಸ್ ನನ್ನ ಗುರುಗಳು. ಅವರ ಮನೆಯಲ್ಲೇ ನನ್ನ ಊಟ, ಅವರ ಅಟ್ಟದ ಮೇಲೇ ನನ್ನ ನಿದ್ದೆ, ಅವರ ಬೆತ್ತದಿಂದಲೇ ನನ್ನ ಜ್ಞಾನ. ನಡುವನ್ನು ಬಿಗಿದು ನಡೆಯುವುದು, ಬೀಸಣಿಗೆಯ ಮರೆಯಲ್ಲಿ ನಗುವುದು, ಮೊಣಕಾಲು ಬಗ್ಗಿಸಿ ವಂದಿಸುವುದು, ಎಲ್ಲವನ್ನೂ ಅವರು ಕಲಿಸಿದ್ದರು. ಮುಂದಿನ ತಿಂಗಳು ಬರಲಿದ್ದ ಹೊಸ ದುರಂತ ನಾಟಕದ ರಾಣಿಯ ಪಾತ್ರ ನನಗೇ ಎಂದು ಮಾತೂ ಕೊಟ್ಟಿದ್ದರು. ಆ ಪಾತ್ರಕ್ಕಾಗಿ ನಾನು ಹಗಲಿರುಳು ಕನವರಿಸುತ್ತಿದ್ದೆ.

ಇಷ್ಟರಲ್ಲಿ ಈ ಹಾಸ್ಯ ನಾಟಕ ಬಂತು. ಅದರ ನಡುವೆ ಒಂದು ಬಾಣಂತಿ ಕೋಣೆಯ ದೃಶ್ಯ. ಹಾಸಿಗೆಯಲ್ಲಿ ಬಾಣಂತಿಯಾಗಿ ನನಗಿಂತ ಚಿಕ್ಕವನಾದ ರೇಫ್. ಸುತ್ತ ನೋಡಲು ಬಂದ ನೆರೆಹೊರೆಯವರಾಗಿ ನಾನು, ದಪ್ಪ ಹೊಟ್ಟೆಯ ಹಾಸ್ಯಗಾರ ಕತ್‌ಬರ್ಟ್, ಇನ್ನೂ ಇಬ್ಬರು. ನಮ್ಮಲ್ಲಿ ಯಾರಿಗೂ ಇಡೀ ನಾಟಕದ ಪ್ರತಿ ಸಿಗುತ್ತಿರಲಿಲ್ಲ. ತನ್ನ ಮಾತುಗಳಷ್ಟೇ ಇರುವ ಕಾಗದದ ಸುರುಳಿ ಒಬ್ಬೊಬ್ಬನಿಗೆ ಒಂದು. ಎದುರಿನವನ ಮಾತಿನ ಕೊನೆಯ ಎರಡು ಮೂರು ಪದಗಳಷ್ಟೇ ಅದರಲ್ಲಿ ಬರೆದಿರುತ್ತಿದ್ದವು. ಆ ಪದಗಳನ್ನು ನಾವು ಕೊಂಡಿ ಎನ್ನುತ್ತಿದ್ದೆವು. ಕೊಂಡಿ ಕಿವಿಗೆ ಬಿತ್ತೋ, ಬಾಯಿ ತೆರೆಯಬೇಕು. ಬೀಳುವವರೆಗೆ ಬಾಯಿ ಮುಚ್ಚಿರಬೇಕು. ನಿದ್ದೆಯಲ್ಲಿ ಕೊಂಡಿ ಕೇಳಿದರೂ ಎದ್ದು ಕುಳಿತು ಮಾತು ಒಪ್ಪಿಸುವಷ್ಟು ಅದು ನಮ್ಮ ರಕ್ತದಲ್ಲಿ ಬೆರೆತಿತ್ತು.

ಮೊದಲ ಪ್ರದರ್ಶನದ ದಿನ ನಾವು ಒಬ್ಬರಾದ ಮೇಲೊಬ್ಬರು ಸೊಗಸಾಗಿ ಮಾತಾಡಿದೆವು. ಕತ್‌ಬರ್ಟ್ ಕುಡಿದವಳಂತೆ ತೂಗಾಡಿದ. ಅಂಗಳದಲ್ಲಿ ನಿಂತಿದ್ದ ಗಂಡಸರು ನಕ್ಕರು. ಆದರೆ ಹೆಂಗಸರು ಆಕಳಿಸತೊಡಗಿದರು, ಬಳಿಕ ತಮ್ಮ ತಮ್ಮಲ್ಲೇ ಗೊಣಗತೊಡಗಿದರು. ದೃಶ್ಯದ ಕೊನೆಯ ಮಾತು ನನ್ನದು: "ಮಗುವಿನ ಮೂಗು ಅಪ್ಪನದಲ್ಲ ಗೆಳತಿಯರೇ, ಮೇಲಂತಸ್ತಿನ ಬಾಡಿಗೆದಾರನ ಮೂಗು!" ಅದೇ ಕೊಂಡಿ, ಅದನ್ನು ಕೇಳಿದೊಡನೆ ಗಂಡನ ವೇಷದ ಯಜಮಾನರು ಬಾಗಿಲು ಒದ್ದು ಒಳನುಗ್ಗಬೇಕು. ನಾನು ಆ ಮಾತನ್ನು ಆಡಿದ ಕ್ಷಣದಲ್ಲೇ ಸೇಬಿನ ದಿಂಡು ಹಾರಿ ಬಂತು.

"ಏನ್ರೋ ಇದು, ಬಾಣಂತಿ ಕೋಣೆನೋ ನ್ಯಾಯಸ್ಥಾನಾನೋ?" ಎಂದು ಸೇಬಿನವಳು ಕೂಗಿದಳು. "ಒಬ್ಬಳಾದ್ಮೇಲೆ ಒಬ್ಬಳು ಸಾಕ್ಷಿ ಹೇಳ್ತಾವ್ರೆ! ನಿಮ್ಮವ್ವ ನಿಮ್ಮನ್ನ ಹೆತ್ತಾಗ ಅಲ್ಲಿ ಯಾರೂ ಇರಲಿಲ್ವೇನ್ರೋ?"

ಇಡೀ ಅಟ್ಟಣಿಗೆಯ ಹೆಂಗಸರು ಚಪ್ಪಾಳೆ ತಟ್ಟಿದರು. ನಮಗಲ್ಲ, ಅವಳಿಗೆ.

ಆ ಸಂಜೆ ಯಜಮಾನರು ಬೆತ್ತವನ್ನು ಮುಟ್ಟಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಆಂಬ್ರೋಸ್," ಎಂದರು, "ಗುರುವಾರ ಇನ್ನೊಂದು ಸಲ ಆಡ್ತೀವಿ. ಅವತ್ತೂ ಹೆಂಗಸರು ನಿನ್ನ ನೋಡಿ ಆಕಳಿಸಿದ್ರೆ, ರಾಣಿ ಪಾತ್ರ ರೇಫ್‌ಗೆ. ನೀನು ಊರೂರು ಸುತ್ತೋ ಮಂಡಳಿಗೆ ಹೋಗು. ದನದ ಕೊಟ್ಟಿಗೇಲಿ ನಾಟಕ ಆಡು."

"ಯಜಮಾನ್ರೇ, ಬಾಣಂತಿ ಕೋಣೆ ಹೇಗಿರುತ್ತೆ ಅಂತ ನೀವಾದ್ರೂ ಹೇಳಿಕೊಡಿ."

"ನಂಗೆ ಹೇಗೋ ಗೊತ್ತು?" ಎಂದು ಅವರು ಗುಡುಗಿದರು. "ಆರು ಮಕ್ಕಳ ತಂದೆ ನಾನು. ಆರು ಸಲಾನೂ ಬೀದೀಲಿ ನಿಂತಿದ್ದೆ!"

ಇದನ್ನೆಲ್ಲ ಕೇಳುತ್ತ ಒಲೆಯ ಬಳಿ ಕುಳಿತಿದ್ದವರು ಅವರ ಹೆಂಡತಿ ಉರ್ಸುಲಾ. ನಮ್ಮ ವೇಷಗಳಿಗೆಲ್ಲ ಮುಡಿ ಕಟ್ಟುವವರು, ನಮ್ಮ ಮೈಮೇಲಿನ ನಿಲುವಂಗಿಗೆ ಗುಂಡುಸೂಜಿ ಚುಚ್ಚುವವರು ಅವರೇ. ನಮ್ಮ ನಾಟಕಶಾಲೆಯ ಹೆಣ್ಣುಗಳನ್ನೆಲ್ಲ ತಯಾರಿಸಿದವರು ಅವರು. ರಂಗದ ಮೇಲೆ ಮಾತ್ರ ಅವರ ನೆರಳೂ ಬೀಳುವಂತಿರಲಿಲ್ಲ. ಯಜಮಾನರು ಮಲಗಲು ಹೋದ ಮೇಲೆ ಅವರು ಬಾಯಲ್ಲಿದ್ದ ಸೂಜಿಗಳನ್ನು ತೆಗೆದು, "ನಾಳೆ ಬೆಳಿಗ್ಗೆ ಮುಖಕ್ಕೆ ಬಣ್ಣ ಹಚ್ಚಬೇಡ," ಎಂದರು.

"ಯಾಕಮ್ಮಾ?"

"ಕೈಚೀಲ ಹೊಲಿಯೋನ ಹೆಂಡತಿ ತಾಮಸಿನ್ ಹೆತ್ತಿದಾಳಲ್ಲ, ನಾಳೆ ಅವಳನ್ನ ಮೊದಲ ಸಲ ಹಾಸಿಗೇಲಿ ಎಬ್ಬಿಸಿ ಕೂರಿಸೋ ದಿನ, ನೆರೆಯ ಹೆಂಗಸರೆಲ್ಲ ಸೇರ್ತಾರೆ. ನನ್ನನ್ನೂ ಕರೆದಿದಾರೆ. ನನ್ನ ಜೊತೆ ಕೆಂಟ್ ಸೀಮೆಯಿಂದ ಬಂದ ಅಣ್ಣನ ಮಗಳು ಸಿಸ್ಲಿ ಬರ್ತಾಳೆ. ಹೋದ ಸುಗ್ಗೀಲಿ ಅವಳ ಮದುವೆ ಆಯ್ತು, ಪಾಪ, ತುಂಬ ನಾಚಿಕೆ ಸ್ವಭಾವ." ಅವರು ನನ್ನ ಗಲ್ಲವನ್ನು ಹಿಡಿದು ಬೆಳಕಿಗೆ ತಿರುಗಿಸಿದರು. "ಸಿಸ್ಲಿಗೆ ಮೀಸೆ ಇನ್ನೂ ಬಂದಿಲ್ಲ. ಸದ್ಯ."

ಬಾಣಂತಿ ಕೋಣೆಗೆ ವೇಷ ಹಾಕಿಕೊಂಡು ಹೊಕ್ಕ ಗಂಡಿಗೆ ಚರ್ಚಿನ ನ್ಯಾಯಾಲಯದ ಶಿಕ್ಷೆಯಿತ್ತು. ಬಿಟ್ಟುಕೊಂಡ ಸೂಲಗಿತ್ತಿಗೆ ಕಸುಬೇ ಹೋಗುತ್ತಿತ್ತು. ಆದರೂ, ನಿಜ ಹೇಳುತ್ತೇನೆ, ಹೆದರಿಕೆಗಿಂತ ಹಿಗ್ಗೇ ಹೆಚ್ಚಾಗಿತ್ತು. ಅದುವರೆಗೆ ನಾನು ಗಂಡಸರನ್ನು ಮೆಚ್ಚಿಸಲು ಹೆಣ್ಣಾಗಿದ್ದೆ. ಹೆಂಗಸರ ನಡುವೆ ಹೆಣ್ಣಾಗುವ ಅವಕಾಶ ನಮ್ಮ ವೃತ್ತಿಯಲ್ಲಿ ಯಾರಿಗೆ ಸಿಕ್ಕಿತ್ತು?

ಮರುದಿನ ಅವರು ನನಗೆ ತೊಡಿಸಿದ್ದು ಕಂದು ಉಣ್ಣೆಯ ಹಳೆಯ ಲಂಗ, ಸಾದಾ ಬಿಳಿ ಕುಲಾವಿ, ಸೊಂಟಕ್ಕೆ ಕಟ್ಟುವ ಕಲೆಯಾದ ಮುಂಬಟ್ಟೆ. ರಂಗದ ರೇಷ್ಮೆಯಲ್ಲಿ ತೇಲುತ್ತಿದ್ದ ನಾನು ಆ ಉಣ್ಣೆಯ ಭಾರಕ್ಕೆ ಕುಸಿದೆ. "ತೇಲಬೇಡ, ನಡಿ," ಎಂದು ಉರ್ಸುಲಾ ಬೆನ್ನಿಗೆ ಗುದ್ದಿದರು. "ನಾವು ಯಾರೂ ತೇಲೋದಿಲ್ಲ."

ಕೈಚೀಲದವನ ಮನೆಯ ಮೇಲುಕೋಣೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ. ಬೀಗದ ಕಣ್ಣಿಗೂ ಬಟ್ಟೆಯ ಚೂರು ತುರುಕಿದ್ದರು. ಒಲೆ ಧಗಧಗಿಸುತ್ತಿತ್ತು. ಮೊಟ್ಟೆ ಕದಡಿ ಮಸಾಲೆ ಬೆರೆಸಿದ ಬಿಸಿ ಮದ್ಯದ ಗಂಜಿಯ ವಾಸನೆ, ಹಾಲಿನ ವಾಸನೆ, ಹೊಗೆ. ಹಾಸಿಗೆಯಲ್ಲಿ ದಿಂಬುಗಳಿಗೆ ಒರಗಿ ಕುಳಿತ ತಾಮಸಿನ್ ಬಿಳುಚಿಕೊಂಡಿದ್ದಳು. ಸುತ್ತ ಎಂಟು ಹತ್ತು ಮಂದಿ. ಅವರೆಲ್ಲರ ಮೇಲೂ ಅಧಿಕಾರ ಪರ್ನೆಲ್ ಅಜ್ಜಿಯದು. ಆ ಬೀದಿಯಲ್ಲಿ ನಡೆದಾಡುವ ಅರ್ಧ ಜನರನ್ನು ಭೂಮಿಗೆ ಎಳೆದು ತಂದ ಸೂಲಗಿತ್ತಿ ಆಕೆ.

ನಾವು ಕುಳಿತುಕೊಳ್ಳುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮನೆಯ ಯಜಮಾನ, ಕೈಚೀಲ ಹೊಲಿಯುವವನು, ಹೊರಗಿನಿಂದ ದೈನ್ಯವಾಗಿ, "ನನ್ನ ಇನ್ನೊಂದು ಅಂಗಿ ಒಳಗಿದೆ..." ಎಂದ.

"ಇರೋ ಅಂಗಿ ಒಗೆದುಕೋ!" ಎಂದು ಪರ್ನೆಲ್ ಅಜ್ಜಿ ಕೂಗಿದಳು. "ತಿಂಗಳು ತುಂಬೋವರೆಗೂ ಈ ಮನೆ ನಿಂದಲ್ಲ!"

ಹೆಂಗಸರು ಗೊಳ್ಳೆಂದು ನಕ್ಕರು. ಅವನು ಮೆಟ್ಟಿಲಿಳಿದು ಹೋದ ಸದ್ದು ಕೇಳಿಸಿತು. ತನ್ನ ಮನೆಯಲ್ಲಿ ತಾನೇ ಭಿಕ್ಷುಕನಾದ ಗಂಡಸನ್ನು ನಾನು ಅಂದು ಮೊದಲ ಬಾರಿಗೆ ಕಂಡೆ.

ಬಳಿಕ ಮಾತು ಶುರುವಾಯಿತು. ಹೇಗೆಂದು ಬಣ್ಣಿಸಲಿ? ಸಾಲು ಸಾಲಾಗಿ ಅಲ್ಲ, ಸುರಿಮಳೆಯಾಗಿ. ಒಬ್ಬಳು ಮಗುವಿನ ಹೊಟ್ಟೆನೋವಿಗೆ ಸೋಂಪು ಎಂದರೆ, ಅವಳ ಮಾತು ಅರ್ಧಕ್ಕೆ ಬರುವ ಮೊದಲೇ ಇನ್ನೊಬ್ಬಳು ಸಬ್ಬಸಿಗೆ ಎಂದಳು. ಮೂರನೆಯವಳು ಬೆಣ್ಣೆಯ ದರಕ್ಕೆ ಹಾರಿದಳು. ನಾಲ್ಕನೆಯವಳು ಇಬ್ಬರಿಗೂ ಒಟ್ಟಿಗೆ ಉತ್ತರ ಕೊಟ್ಟು, ನಡುವೆ ಕೇಕ್ ಕತ್ತರಿಸಿ ಹಂಚಿದಳು. "ನಿನ್ನ ಅತ್ತೆ ಬಂದಿದ್ಲಾ", "ಅಯ್ಯೋ ಆ ಮೂದೇವಿ", "ಗಂಜಿ ಕುಡಿಯೇ ತಾಯಿ, ಆರಿಹೋಗ್ತದೆ", "ನಂಗೂ ಒಂಚೂರು ಚೀಸು", ಎಲ್ಲವೂ ಒಂದೇ ಉಸಿರಿನಲ್ಲಿ, ಎಲ್ಲರ ಬಾಯಿಂದಲೂ. ಆದರೂ ಯಾರಿಗೂ ಯಾವುದೂ ತಪ್ಪಿಹೋಗುತ್ತಿರಲಿಲ್ಲ.

ನಾನು ಮನಸ್ಸಿನಲ್ಲೇ ಒಂದು ಚೆಂದದ ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆ. ಎದುರಿನವಳು ನಿಲ್ಲಿಸಲಿ ಎಂದು ಕಾದೆ. ಅವಳು ನಿಲ್ಲಿಸುವ ಮೊದಲೇ ಬೇರೊಬ್ಬಳು ಹಿಡಿದುಕೊಂಡಳು. ಇವಳಾದರೂ ಮುಗಿಸಲಿ ಎಂದು ಅವಳ ಕಡೆ ತಿರುಗಿದೆ. ಹೀಗೆ ಬಾಯಿ ಅರ್ಧ ತೆರೆದು, ಕತ್ತನ್ನು ಅತ್ತಿತ್ತ ಹೊರಳಿಸುತ್ತ, ಬಾರದ ಕೊಂಡಿಗಾಗಿ ಕಾಯುತ್ತಲೇ ಕುಳಿತೆ.

ಒಂದು ಬಲವಾದ ಕೈ ನನ್ನ ಮೊಣಕೈಯನ್ನು ಹಿಡಿದು ಒಲೆಯ ಮೂಲೆಗೆ ಎಳೆಯಿತು. ಪರ್ನೆಲ್ ಅಜ್ಜಿ! ಅವಳು ಮಗುವಿನ ಬಟ್ಟೆಯನ್ನು ಮಡಿಸುವ ನೆಪದಲ್ಲಿ ನನ್ನ ಕಿವಿಯ ಬಳಿ ಬಾಗಿದಳು.

"ಯಾವ ನಾಟಕಶಾಲೆಯವನೋ ನೀನು?"

"ನಾನು... ಸಿಸ್ಲಿ... ಕೆಂಟಿನ..."

"ಥೂ, ಮುಚ್ಚು. ಮುಖ ಹೆಣ್ಣಿಂದು, ಕೈ ಹೆಣ್ಣಿಂದು, ದನಿಯೂ ಪರವಾಗಿಲ್ಲ. ಆದ್ರೆ ಎಲ್ಲರ ಮಾತೂ ಮುಗೀಲಿ ಅಂತ ಕಾಯ್ತಾ ಕೂತಿರೋ ಹೆಂಗಸನ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ. ಹಾಗೆ ಕಾಯೋರು ಪಾದ್ರಿಗಳು, ವಕೀಲರು, ನಾಟಕದೋರು. ಪಾದ್ರಿಗೆ ಇಷ್ಟು ಚೆಂದದ ಕಣ್ಣಿರಲ್ಲ." ಅವಳ ಉಗುರು ನನ್ನ ತೋಳಿಗೆ ಇಳಿಯಿತು. "ಗಂಡಸನ್ನ ಒಳಗೆ ಬಿಡಲ್ಲ ಅಂತ ಬಿಷಪ್ಪರ ಮುಂದೆ ಆಣೆ ಮಾಡಿದೀನೋ ಪಾಪಿ. ಈಗ ಕೂಗಿದ್ರೆ ನಿನ್ನ ಚರ್ಮ ಹೋಗುತ್ತೆ, ನನ್ನ ಕಸುಬೂ ಹೋಗುತ್ತೆ. ನಮ್ಮನ್ನ ಆಡಿಕೊಳ್ಳೋಕೆ ಬಂದ್ಯಾ?"

"ಇಲ್ಲ ಅಜ್ಜಿ! ಕಲಿಯೋಕೆ ಬಂದೆ. ಗುರುವಾರ ಸರಿಯಾಗಿ ಆಡದಿದ್ರೆ ನನ್ನ ಓಡಿಸ್ತಾರೆ." ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ: ನನ್ನ ಹೆಸರು, ಕುಡುಕಿಯ ತೂಗಾಟ, ಸೇಬಿನ ದಿಂಡು, ರಾಣಿಯ ಪಾತ್ರ, ದನದ ಕೊಟ್ಟಿಗೆ. ಕೊನೆಗೆ, "ಯಾರೂ ಯಾರ ಮಾತೂ ಕೇಳಿಸಿಕೊಳ್ಳದೆ ಯಾಕಜ್ಜಿ ಹೀಗೆ ಒಟ್ಟಿಗೆ ಮಾತಾಡ್ತಾರೆ?" ಎಂದೂ ಕೇಳಿದೆ.

ಅವಳು ಹಾಸಿಗೆಯ ಕಡೆ ಗಲ್ಲ ತೋರಿಸಿದಳು. "ಹೋದ ವರ್ಷ ಅದೇ ಹಾಸಿಗೇಲಿ ಅವಳ ಮೊದಲ ಕೂಸು ಹೋಯ್ತು. ಕೋಣೆ ಒಂದು ಗಳಿಗೆ ಸುಮ್ಮನಾದ್ರೆ ಅವಳಿಗೆ ಅದೇ ಕೇಳಿಸುತ್ತೆ. ನಾವು ಸುಮ್ಮನಾಗೋಕೆ ಬಿಡಲ್ಲ. ಗೊತ್ತಾಯ್ತಾ?"

ಆಗ ನೋಡಿದೆ. ಸೋಂಪಿನವಳ ಒಂದು ಕೈ ಮಾತಿನುದ್ದಕ್ಕೂ ಹೊದಿಕೆಯ ಮೇಲಿನಿಂದ ತಾಮಸಿನ್ನಳ ಪಾದವನ್ನು ಹಿಡಿದೇ ಇತ್ತು. ಬೆಣ್ಣೆಯವಳು ಯಾರಿಗೂ ಹೇಳದೆ ಅವಳ ಬೆನ್ನಿನ ದಿಂಬನ್ನು ಸರಿಪಡಿಸುತ್ತಿದ್ದಳು. ನಮ್ಮ ನಾಟಕ ಬರೆಯುವ ಕವಿಗಳು ಹರಟೆ ಎಂದು ಬರೆದು ನಗಿಸುತ್ತಿದ್ದುದು ಒಂದು ಕಂಬಳಿಯಾಗಿತ್ತು. ಹತ್ತು ಕೈಗಳು ಸೇರಿ ಅದನ್ನು ನೇಯುತ್ತಿದ್ದವು.

"ಗುರುವಾರ ನಾನು ಬರ್ತೀನಿ," ಎಂದಳು ಅಜ್ಜಿ. "ಇವರನ್ನೂ ಕರ್ಕೊಂಡು ಬರ್ತೀನಿ. ಇಲ್ಲಿ ಕೇಳಿದ ಒಂದು ಗುಟ್ಟು ಅಲ್ಲಿ ಬಾಯಿಬಿಟ್ರೆ ಎದ್ದು ನಿಂತು ನಿನ್ನ ಹೆಸರು ಹೇಳ್ತೀನಿ, ನನ್ನ ಕಸುಬು ಹಾಳಾಗಿ ಹೋಗ್ಲಿ. ಮತ್ತೆ ನಮ್ಮನ್ನ ಕುಡುಕಿಯರು ಅಂತ ತೋರಿಸಿದ್ರೂ ಹೇಳ್ತೀನಿ. ಈಗ ಹೋಗಿ ಕೂತ್ಕೋ, ಏನಾದ್ರೂ ಮಾತಾಡು. ಕಾಯಬೇಡ!"

ನಾನು ಹೋಗಿ ಕುಳಿತೆ. ಕಣ್ಣು ಮುಚ್ಚಿಕೊಂಡು ನದಿಗೆ ಹಾರುವವನಂತೆ, ಬೇರೊಬ್ಬಳ ಮಾತಿನ ನಡುವೆಯೇ ಬೆಣ್ಣೆಯ ಬಗ್ಗೆ ಏನೋ ಒದರಿದೆ. ಯಾರೂ ತಿರುಗಿ ನೋಡಲಿಲ್ಲ. ಪಕ್ಕದವಳು, "ಹೂಂ ಮತ್ತೆ, ಕೆಂಟಲ್ಲೂ ಅಷ್ಟೇನಾ?" ಎನ್ನುತ್ತ ನನ್ನ ಬಟ್ಟಲಿಗೆ ಗಂಜಿ ಸುರಿದಳು. ನಾನು ಒಳಗಿನವಳಾಗಿದ್ದೆ!

ಗುರುವಾರ ಬೆಳಿಗ್ಗೆ ಕತ್‌ಬರ್ಟ್‌ನನ್ನೂ ರೇಫ್‌ನನ್ನೂ ಹಿಡಿದುಕೊಂಡು, "ಈ ದೃಶ್ಯದಲ್ಲಿ ಯಾರೂ ಯಾರಿಗೂ ಕಾಯೋದು ಬೇಡ," ಎಂದೆ.

"ಕೊಂಡಿ ಇಲ್ಲದೆ ಮಾತಾಡೋದಾ?" ಕತ್‌ಬರ್ಟ್ ಹೌಹಾರಿದ. "ಮಗಾ, ಇಪ್ಪತ್ತು ವರ್ಷದಿಂದ ಈ ಕಸುಬಲ್ಲಿದೀನಿ. ಕೊಂಡಿ ಬೀಳದೆ ನನ್ನ ಹೆಂಡ್ತಿಗೂ ಉತ್ತರ ಕೊಟ್ಟಿಲ್ಲ ನಾನು. ಆಗಲ್ಲ ಹೋಗು."

ಮಧ್ಯಾಹ್ನ ಕಹಳೆ ಮೊಳಗಿತು. ಪರದೆಯ ಸಂದಿಯಿಂದ ನೋಡಿದೆ: ಅಟ್ಟಣಿಗೆಯ ನಡುಸಾಲಿನಲ್ಲಿ ಬಿಳಿಯ ಕುಲಾವಿಗಳ ಒಂದು ಹಿಂಡು, ಅದರ ನಡುವೆ ಪರ್ನೆಲ್ ಅಜ್ಜಿ, ತೊಡೆಯ ಮೇಲೆ ಕೈಕಟ್ಟಿಕೊಂಡು. ಕೆಳಗೆ ಅಂಗಳದಲ್ಲಿ ಸೇಬಿನವಳು, ತುಂಬಿದ ಬುಟ್ಟಿಯೊಡನೆ.

ಹಾಸಿಗೆಯನ್ನು ರಂಗಕ್ಕೆ ತಳ್ಳಿದರು. ಬಟ್ಟೆಯ ಗಂಟಿನ ಮಗುವನ್ನು ತೋಳಲ್ಲಿ ಹಿಡಿದು ನಾನು ಕುಳಿತೆ. ಕತ್‌ಬರ್ಟ್ ತನ್ನ ಮೊದಲ ಮಾತನ್ನು ಗಂಭೀರವಾಗಿ ಆರಂಭಿಸಿದ. ಅದು ಅರ್ಧವಾಗುವುದರೊಳಗೆ ನಾನು ನನ್ನದನ್ನು ಹರಿಯಬಿಟ್ಟೆ.

ಕತ್‌ಬರ್ಟ್‌ನ ಕಣ್ಣುಗುಡ್ಡೆ ಹೊರಬಂತು. ಮಾತು ಮುಗಿಸಲಾಗದೆ, ನಿಲ್ಲಿಸಲೂ ಆಗದೆ, ಇನ್ನೂ ಗಟ್ಟಿಯಾಗಿ ಕೂಗತೊಡಗಿದ. ಆದರೆ ನನ್ನ ಮಾತಿನ ತುದಿಯಲ್ಲಿ ರೇಫ್‌ನ ಕೊಂಡಿಯಿತ್ತಲ್ಲ! ಅದು ಕಿವಿಗೆ ಬಿದ್ದೊಡನೆ ಹಾಸಿಗೆಯಿಂದ ರೇಫ್ ಶುರುಮಾಡಿದ. ಅವನ ಕೊನೆಯ ಪದ ಕೇಳಿ ಉಳಿದಿಬ್ಬರೂ ಶುರುಮಾಡಿದರು. ಅಷ್ಟರಲ್ಲಿ ಕತ್‌ಬರ್ಟ್‌ನ ಮೊದಲ ಮಾತು ಮುಗಿಯಿತು; ಅದನ್ನೇ ಕೊಂಡಿ ಮಾಡಿಕೊಂಡು ನಾನು ನನ್ನ ಎರಡನೆಯದನ್ನು ಹರಿಯಬಿಟ್ಟೆ. ನನ್ನದು ಇನ್ನೊಬ್ಬನನ್ನು ಎಬ್ಬಿಸಿತು. ನಾನು ಒಂದೇ ಒಂದು ಕಲ್ಲನ್ನು ಸರಿಸಿದ್ದೆ. ಕಟ್ಟೆಯೇ ಒಡೆದು ನೀರು ಧುಮುಕಿತು! ಕಲಿತ ಶಿಸ್ತಿಗೆ ಕಟ್ಟುಬಿದ್ದೇ ನಾವು ಐದು ಮಂದಿಯೂ ಏಕಕಾಲಕ್ಕೆ ಮಾತಾಡುತ್ತಿದ್ದೆವು. ಗಲಿಬಿಲಿಯಲ್ಲಿ ಕತ್‌ಬರ್ಟ್ ಕುಡುಕಿಯ ತೂಗಾಟವನ್ನೇ ಮರೆತು, ಕೈಗೆ ಸಿಕ್ಕಿದ ದಿಂಬನ್ನು ರೇಫ್‌ನ ಬೆನ್ನಿಗೆ ಕೊಟ್ಟ. ನಾನು ಹೊದಿಕೆಯ ಮೇಲಿನಿಂದ ರೇಫ್‌ನ ಪಾದವನ್ನು ಹಿಡಿದೆ.

ಅಟ್ಟಣಿಗೆಯಲ್ಲಿ ಮೊದಲು ಒಂದು ನಗು, ಗುರುತು ಸಿಕ್ಕವರ ನಗು. ಬಳಿಕ ಹತ್ತು, ಬಳಿಕ ನೂರು. "ಅಯ್ಯೋ ನೋಡೇ, ನಮ್ಮ ಮನೇನೇ!" ಎಂದು ಯಾರೋ ಕಿರುಚಿದರು. ಗಂಡಸರು ತಬ್ಬಿಬ್ಬಾಗಿ ಹೆಂಡತಿಯರ ಮುಖ ನೋಡಿದರು.

ಈಗ ನನ್ನ ಕೊನೆಯ ಮಾತು ಉಳಿದಿತ್ತು: ಬಾಡಿಗೆದಾರನ ಮೂಗು. ಪಾದ ಹಿಡಿದ ಕೈಯಿಂದ ಆ ಮಾತು ಆಡುವುದು ಹೇಗೆ? ನಾನು ಅದನ್ನು ನುಂಗಿದೆ. ಕೊಂಡಿ ಬೀಳಲಿಲ್ಲ. ಬಾಗಿಲ ಹಿಂದೆ ಯಜಮಾನರು ಕಾದರು, ಕಾದರು. ಕೊನೆಗೆ ತಾಳ್ಮೆ ತಪ್ಪಿ, ನನ್ನನ್ನು ಎಚ್ಚರಿಸಲೆಂದು ಬಾಗಿಲು ಬಡಿದರು.

ಕಾಯಲಿಲ್ಲ ನಾನು. "ಯಾರದು? ಗಂಡನಾ?" ಎಂದು ಕೂಗಿದೆ. "ತಿಂಗಳು ತುಂಬೋವರೆಗೂ ಈ ಮನೆ ನಿಂದಲ್ಲ!"

ನಾಟಕಶಾಲೆಯ ಮಾಡು ಹಾರಿಹೋಯಿತೆನ್ನಿ! ಅಟ್ಟಣಿಗೆಯಿಂದಲೂ ಅಂಗಳದಿಂದಲೂ ಹೆಂಗಸರು, "ಹೊರಗೇ ಇರೋ! ಹೊರಗೇ ಇರು!" ಎಂದು ಬೊಬ್ಬಿಟ್ಟರು. ಯಜಮಾನರು ಬಾಗಿಲನ್ನು ತುಸು ತೆರೆದರು. ಸೇಬಿನವಳ ಬುಟ್ಟಿಯಿಂದ ಇಡೀ ಸೇಬೊಂದು ಹಾರಿ ಬಾಗಿಲಿಗೆ ಬಡಿಯಿತು. ಅವರು ಮತ್ತೆ ಮುಚ್ಚಿಕೊಂಡರು. ತಮ್ಮದೇ ರಂಗದ ಹೊರಗೆ, ಏಳನೆಯ ಬಾರಿಗೆ.

ಆ ಗದ್ದಲದ ನಡುವೆ ಪರ್ನೆಲ್ ಅಜ್ಜಿ ಎದ್ದು ನಿಂತಳು.

ಅವಳ ಮಾತನ್ನೇ ಕದ್ದು ಆಡಿದ್ದೆನಲ್ಲ! ಅವಳ ಕೈ ಮೇಲೆದ್ದಿತು, ಬೆರಳು ನೇರವಾಗಿ ನನ್ನ ಕಡೆ ಚಾಚಿತು. ಸುತ್ತಲಿನವರು ಒಬ್ಬೊಬ್ಬರಾಗಿ ಸುಮ್ಮನಾದರು. ಇನ್ನೇನು ನನ್ನ ಹೆಸರು...

"ಕೂಸಿನ ಕತ್ತು ಕೆಳಗೆ ಬೀಳ್ತಾ ಇದೆ!" ಎಂದು ಅವಳು ಗುಡುಗಿದಳು. "ತಲೆ ಎತ್ತಿ ಹಿಡಿಯೇ, ಹುಡುಗೀ!"

ಹುಡುಗೀ! ನಾನು ಬಟ್ಟೆಯ ಗಂಟನ್ನು ಎದೆಗವಚಿ ಅದರ ಇಲ್ಲದ ತಲೆಯನ್ನು ಎತ್ತಿ ಹಿಡಿದೆ. ಅವಳು ತಲೆದೂಗಿ ಕುಳಿತಳು. ಆಮೇಲೆ ಎದ್ದ ಚಪ್ಪಾಳೆಗೆ ಹೊರಗಿನ ಕರಡಿಗಳೂ ಬೆದರಿ ಕೂಗಿದವು.

ನಾಟಕ ಮುಗಿದು, ಮರುದಿನದ ಆಟವನ್ನು ಸಾರಲು ಯಜಮಾನರು ರಂಗಕ್ಕೆ ಬಂದು ಬೇರೊಂದು ನಾಟಕದ ಹೆಸರನ್ನು ಹೇಳಿದರು. ಜನ ಒಪ್ಪಲಿಲ್ಲ. "ಬಾಣಂತಿ! ಬಾಣಂತಿ!" ಎಂಬ ಕೂಗು ನಿಲ್ಲಲಿಲ್ಲ. ಯಜಮಾನರು ಸೋತು ತಲೆಬಾಗಿದರು. ಒಳಗೆ ಬಂದವರೇ ನನ್ನ ಕಿವಿ ಹಿಂಡಿದರು. "ಕೊಂಡಿ ತಿಂದ್ಯಲ್ಲೋ, ಕಳ್ಳಾ! ನಾಟಕ ಬರೆದ ಕವಿ ಹೊರಗೆ ನನ್ನ ಕೊಲ್ಲೋಕೆ ಕಾಯ್ತಾವ್ನೆ!" ಕಿವಿಯನ್ನು ಬಿಡದೆಯೇ, ದನಿ ಇಳಿಸಿ, "ರಾಣಿಯ ಸುರುಳಿ ನನ್ನ ಪೆಟ್ಟಿಗೇಲಿದೆ. ತಗೊಂಡು ಬಾಯಿಪಾಠ ಮಾಡು. ಅದ್ರಲ್ಲಾದ್ರೂ ಕೊಂಡಿಗೆ ಕಾಯ್ತೀಯಾ?" ಎಂದರು.

"ರಾಣಿ ಕಾಯ್ತಾಳೆ ಯಜಮಾನ್ರೇ," ಎಂದೆ. "ಅವಳಿಗೆ ಗೆಳತಿಯರಿಲ್ಲ."

ಮರುವಾರ ತಾಮಸಿನ್ನಳ ಮನೆಯಿಂದ ಉರ್ಸುಲಾ ಒಂದು ಪೊಟ್ಟಣ ತಂದರು. ಒಳಗೆ ದ್ರಾಕ್ಷಿ ಹಾಕಿದ ಬಾಣಂತಿ ಕೇಕಿನ ದಪ್ಪ ತುಂಡು, ಒಂದಿಷ್ಟು ಚೀಸು. "ಪರ್ನೆಲ್ ಅಜ್ಜಿ ಕಳಿಸಿದಾಳೆ. ಸಿಸ್ಲಿಯ ಪಾಲಂತೆ. ಮತ್ತೆ ಆ ಬಾಗಿಲ ಹತ್ರ ಕಂಡ್ರೆ ಕಾಲು ಮುರಿತಾಳಂತೆ."

ಯಜಮಾನರು ಏನೆಂದು ಕೇಳದೆ, ಅಭ್ಯಾಸಬಲದಿಂದ ಕೇಕಿಗೆ ಕೈ ಚಾಚಿದರು. ಉರ್ಸುಲಾ ಆ ಕೈಗೆ ಚಟ್ಟನೆ ಹೊಡೆದರು.

"ಗಂಡಸರಿಗಿಲ್ಲ," ಎಂದರು. "ಇದು ಒಳಗಿದ್ದೋರಿಗೆ ಮಾತ್ರ."

ಯಜಮಾನರು ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಬಾಯಿತುಂಬ ಕೇಕ್ ತುಂಬಿಕೊಂಡು, ಅವರ ಪ್ರಶ್ನೆ ಮುಗಿಯುವುದಕ್ಕೆ ಕಾಯದೆ, ಬೆಣ್ಣೆಯ ದರದ ಬಗ್ಗೆ ಮಾತಾಡತೊಡಗಿದೆ.